ಆನೆಕೆರೆಯ ಬಳಿ ಬಲ್ಲಾಳನ ಪಾಳೆಯ

ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಣ್ತುಂಬ ನೋಡಿ, ಖಾರದ ಪೊಟ್ಟಣ ಕಟ್ಟಿಸಿಕೊಂಡು, ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಗಳ ಕೂಗು ಕೇಳುತ್ತ ಅಲೆದು ಹಾನಗಲ್ಲಿಗೆ ಬಂದೆ. ಮನಸ್ಸು ಹೊರಟಾಗಿನಿಂದ ಇಲ್ಲೇ ಇತ್ತು.

ತಾರಕೇಶ್ವರ ಗುಡಿಯಲ್ಲಿ ಕತ್ತೆತ್ತಿದರೆ ಛತ್ತಿನ ತುಂಬ ಕಲ್ಲಿನ ಕಮಲ ಅರಳಿದೆ. ಎಂಥ ಕೈಗಳು ಅವು! ಆದರೂ ನನ್ನ ಕಾಲು ಕಟ್ಟಿಹಾಕಿದ್ದು ವೀರಗಲ್ಲುಗಳು. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ಪಕ್ಕದಲ್ಲಿ ಸೂರ್ಯಚಂದ್ರರು.

1196ರಲ್ಲಿ ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು ಇಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟ. ಹಾನಗಲ್ಲಿನ ಕದಂಬ ಅರಸ ಕಾಮದೇವನ ದಂಡನಾಯಕ ಸೋಹಣಿ ತನ್ನ ಮಗನನ್ನು ಕರೆದುಕೊಂಡೇ ರಣಕ್ಕೆ ಇಳಿದ. ಬಲ್ಲಾಳನ ಪಡೆ ಹಿಮ್ಮೆಟ್ಟಿತು, ಸೋಹಣಿ ಬದುಕಲಿಲ್ಲ. ಊರಿನ ವೀರಗಲ್ಲೊಂದು ಇದನ್ನು ಹೇಳುತ್ತದೆ. ಗೆದ್ದ ದಿನವೇ ಮಗ ಅಪ್ಪನನ್ನು ಕಳೆದುಕೊಂಡ ಊರಿದು ಎಂದುಕೊಳ್ಳುತ್ತ ನಾನು ಕೆರೆಯ ನೀರನ್ನು ನೋಡುತ್ತ ನಿಂತುಬಿಟ್ಟೆ.

ಆ ಕಾಲದ ಸೇನೆಗಳಲ್ಲಿ ಸಾಮಾನ್ಯ ಕಾಲಾಳುಗಳಿಗಿಂತ ಬೇರೆಯಾದ ಯೋಧರಿದ್ದರು. ತಿಂದ ಜೋಳದ ಋಣಕ್ಕೆ ಕಾದುವುದು ಜೋಳವಾಳಿ. ಒಡೆಯ ಹೋದ ಮೇಲೆ ತಾವೂ ಉಳಿಯುವುದಿಲ್ಲವೆಂದು ಮಾತು ಕೊಟ್ಟವರು ವೇಳೆವಾಳಿಗಳು. ಹೊಯ್ಸಳರಲ್ಲಿ ಅಂಥವರೇ ಗರುಡರು, ಅರಸನ ಮೈಗಾವಲಿನವರು. ಇದೇ ಬಲ್ಲಾಳ ತೀರಿಕೊಂಡಾಗ ಅವನ ಗರುಡ ಕುವರ ಲಕ್ಷ್ಮ ತನ್ನವರೊಡನೆ ಪ್ರಾಣ ಕೊಟ್ಟ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದಲ್ಲಿ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳನ್ನು ಕಾಣಬಹುದು. ಬೆಳಗಾವಿಯಲ್ಲಿ ತರಬೇತಿ ಪಡೆಯುವ ಇಂದಿನ ಕಮಾಂಡೊ ಕೆಲಸ ಮುಗಿಸಿ ಜೀವಂತ ಮರಳುವುದನ್ನು ಕಲಿಯುತ್ತಾನೆ. ಗರುಡನಿಗೆ ಆ ದಾರಿ ಇರಲಿಲ್ಲ. ಅವನ ನಿಷ್ಠೆಗೆ ಕೈಮುಗಿಯುತ್ತೇನೆ, ಆ ಪದ್ಧತಿಗಲ್ಲ; ಅವನ ಮನೆಯಲ್ಲೂ ಕಾಯುವವರು ಇದ್ದರಲ್ಲ.

ಹಾನಗಲ್ಲೇ ವಿರಾಟನಗರ ಎಂದು ಇಲ್ಲಿಯ ಜನ ನಂಬುತ್ತಾರೆ. ಕುಂತಿಯ ಹೆಸರಿನ ದಿಬ್ಬವೂ ಇದೆ. ಅಜ್ಞಾತವಾಸದ ಕೊನೆಯಲ್ಲಿ ಅರ್ಜುನ ಕೌರವರನ್ನು ಎದುರಿಸಿ ಬಿಡಿಸಿದ್ದೂ ದನಗಳನ್ನೇ. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳು ಇಂಥ ತುರುಗೋಳಿನಲ್ಲಿ, ಊರ ದನ ಉಳಿಸಲು ಹೋಗಿ ಸತ್ತವರವು. ಯಾವ ಅರಸನಿಗೂ ಮಾತು ಕೊಡದ, ಕೈಗೆ ಸಿಕ್ಕ ಆಯುಧ ಹಿಡಿದು ಓಡಿದ ಆ ಹಳ್ಳಿಗನಿಗೂ ಕಲ್ಲಿನ ಮೇಲ್ಗಡೆ ದಂಡನಾಯಕನಿಗೆ ಸಿಕ್ಕ ಕೈಲಾಸವೇ ಸಿಕ್ಕಿದೆ. ಇದನ್ನು ಕಂಡಾಗ ಮೈ ಜುಂ ಎಂದಿತು.

ಇನ್ನು ಹಿರೇಕೆರೂರಿನ ಕಡೆಗೆ. ಆ ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯ ಶಿವನಿಗೆ ತಲೆ ಅರ್ಪಿಸಿ ಮರಳಿ ಪಡೆದ ಕಥೆ ಕಲ್ಲಿನಲ್ಲಿದೆ. ಒಡೆಯನಿಗೆ ತಲೆ ಕೊಟ್ಟವರನ್ನು ನೋಡಿದ ಕಣ್ಣಿನಲ್ಲೇ ಅದನ್ನೂ ನೋಡಬೇಕು.