ಇಟಲಿ ಮಾಮನ ಸೈಕಲ್ಲು

ನಮ್ಮೂರು ಪಾಮನಕಲ್ಲೂರಿನಲ್ಲಿ ನನ್ನ ಸೋದರಮಾವನನ್ನು ಹೆಸರು ಹಿಡಿದು ಕೇಳಿದರೆ ಅರ್ಧ ಊರಿಗೆ ಗೊತ್ತಾಗುವುದಿಲ್ಲ. 'ಇಟಲಿ ಮಾಮ' ಅಂದರೆ ಸಣ್ಣ ಹುಡುಗರೂ ಮನೆತನಕ ಬಂದು ಬಿಟ್ಟು ಹೋಗುತ್ತಾರೆ. ಮಾಮ ಇಟಲಿಗೆ ಹೋದವನಲ್ಲ, ಮುಂಬೈ ದಾಟಿದವನೂ ಅಲ್ಲ. ಎಂಬತ್ತರ ದಶಕದಲ್ಲಿ ಬಿಜಾಪುರದಲ್ಲಿ ಓದುವಾಗ ಅಲ್ಲಿಯ ಸೈಕಲ್ ರೇಸಿನ ಹುಚ್ಚು ಹತ್ತಿಸಿಕೊಂಡ. ಆ ಸೀಮೆಗೆ ಆ ಹುಚ್ಚು ಇವತ್ತಿಗೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯ ಒಣಬೇಸಾಯದ ಮನೆಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾರೆ, ಸರ್ಕಾರದ ಸೈಕ್ಲಿಂಗ್ ಹಾಸ್ಟೆಲೂ ಅಲ್ಲೇ ಇದೆ. ಮಾಮ ಪದಕ ತರಲಿಲ್ಲ. ಒಂದು ವರ್ಷದ ಹತ್ತಿ ರೊಕ್ಕ ಕೊಟ್ಟು ಯಾರೋ ಹಳೇ ರೇಸುಗಾರನ ಸೈಕಲ್ ತಂದ. 'ಇಟಲಿದು' ಅಂದ.

ಅದರ ಮೇಲೆ ಹೆಸರಿಲ್ಲ, ಸ್ಟಿಕ್ಕರ್ ಇಲ್ಲ. ಯಾರೋ ಬಾಗಿಲಿಗೆ ಬಳಿಯುವ ಹಸಿರು ಆಯಿಲ್ ಪೇಂಟ್ ಬಳಿದುಬಿಟ್ಟಿದ್ದರು. "ಕಬ್ಬಿಣದ ಕೋಲಿಗೆ ಹತ್ತಿ ರೊಕ್ಕ ಕೊಟ್ಟು ಬಂದಾನ" ಅಂತ ತಾತ ಅಂದ ಮಾತು ತಾತ ಹೋದರೂ ಹೋಗಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಮಾಮನ ಮಗ ಅದನ್ನು ಗುಜರಿಗೆ ಹಾಕಲು ಅಂಗಳಕ್ಕೆ ತೆಗೆದಿಟ್ಟಿದ್ದ. ಶುಗರಿನಿಂದ ಮಾಮನ ಕಣ್ಣು ಈಗ ಅಷ್ಟಕ್ಕಷ್ಟೆ. ಕಟ್ಟೆ ಮೇಲೆ ಕೂತಲ್ಲಿಂದಲೇ ಹೇಳಿದ: "ಹಾಕ್ಲಿ ಬಿಡು ಅಳಿಯಾ. ಆದ್ರ ನೀನು ಬೆಂಗಳೂರಾಗ ಸೈಕಲ್ ಹೊಡೀತಿಯಲ್ಲ, ಒಮ್ಮೆ ನೋಡು. ಸುಳ್ಳಾದ್ರ ನಾನೇ ಎತ್ತಿ ಕೊಡ್ತೀನಿ."

ಹೀಗೆ ಹೇಳಿದ ಮೇಲೆ ಸುಮ್ಮನೆ 'ಹೂಂ, ಇಟಲಿದೇ ಇರಬೇಕು' ಅನ್ನಲು ಬರುವುದಿಲ್ಲ ನೋಡಿ. ಮಸ್ಕಿಯ ಒಬ್ಬ ಸೈಕಲ್ ಮಿಸ್ತ್ರಿಯ ಅಂಗಡಿಗೆ ಒಯ್ದೆವು. ಮಾಮನೂ ಬಂದ.

ಹಿಂದಿನ ಚಕ್ರ ಕೂರುವ ಕೊಂಡಿಗಳನ್ನು ಉಜ್ಜಿದಾಗ 'ಕಂಪನ್ಯೋಲೋ' ಅನ್ನುವ ಅಕ್ಷರ ಎದ್ದವು. ಮಾಮನ ಮಗ ಕುಣಿದ. ನಾನು ಕುಣಿಯಲಿಲ್ಲ. ತುಲಿಯೋ ಕಂಪನ್ಯೋಲೋ 1933ರಲ್ಲಿ ವಿಚೆಂಜಾದಲ್ಲಿ ಶುರುಮಾಡಿದ ಕಂಪನಿ ಇಂಥ ಕೊಂಡಿಗಳನ್ನು ಲೋಕಕ್ಕೆಲ್ಲ ಮಾರುತ್ತಿತ್ತು. ಇಂಗ್ಲೆಂಡಿನವರೂ ಜಪಾನಿನವರೂ ತಮ್ಮ ಫ್ರೇಮಿಗೆ ಹಾಕುತ್ತಿದ್ದರು. ಹಿಂದಿನ ಗೇರಿನ ಮೇಲೆ 'ಪೇಟೆಂಟ್ 79' ಅಂತ ಇತ್ತು. ಅದು ಗೇರಿನ ವರ್ಷ ಹೇಳುತ್ತದೆ, ಫ್ರೇಮಿನದಲ್ಲ. ಗೇರು ಬಿಚ್ಚಿ ಬೇರೆ ಹಾಕುವುದು ಹತ್ತು ನಿಮಿಷದ ಕೆಲಸ.

ನಿಜವಾದ ಪರೀಕ್ಷೆ ಪೆಡಲ್ ದಂಡದ ಬಟ್ಟಲಲ್ಲಿ. ನಮ್ಮ ಹರ್ಕ್ಯುಲಿಸ್, ಅಟ್ಲಾಸ್ ಎಲ್ಲ ಇಂಗ್ಲಿಷ್ ಪದ್ಧತಿಯವು. ಚೈನಿನ ಕಡೆಯ ಬಟ್ಟಲಿಗೆ ಉಲ್ಟಾ ಥ್ರೆಡ್ಡು ಇರುತ್ತದೆ. ಮಿಸ್ತ್ರಿ ರೂಢಿಯಂತೆ ಉಲ್ಟಾ ತಿರುವಿದ. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಪಾನಕ್ಕೆ ಪೈಪು ಸಿಗಿಸಿ ಜೋತುಬಿದ್ದ. ಜಪ್ಪಯ್ಯ ಅನ್ನಲಿಲ್ಲ.

"ಜಂಗು ಹಿಡದೈತಿ ಯಜಮಾನ್ರ, ಬರಂಗಿಲ್ಲ."

"ಸೀದಾ ತಿರುವಿ ನೋಡಪಾ" ಅಂದೆ.

"ಈ ಕಡೀಗಿ ಸೀದಾ ಎಲ್ಲೈತ್ರಿ?" ಅನ್ನುತ್ತಲೇ ತಿರುವಿದ. ಕರ್‍ರ್ ಅಂತ ಸದ್ದು ಮಾಡಿ ಬಟ್ಟಲು ಸಡಿಲಾಯಿತು. ಮಾಮ ಏನೂ ಮಾತಾಡದೆ ಕತ್ತು ಎತ್ತಿ ಕೂತ.

ಎರಡೂ ಕಡೆ ಸೀದಾ ಥ್ರೆಡ್ಡು ಇರುವುದು ಇಟಲಿಯಲ್ಲಿ, ಮತ್ತೆ ಹಳೇ ಫ್ರಾನ್ಸಿನಲ್ಲಿ. ಎದುರಿನ ಲೇತ್ ಅಂಗಡಿಯಿಂದ ವರ್ನಿಯರ್ ತಂದೆವು. ಬಟ್ಟಲ ಹೊರಸುತ್ತಿನ ಅಗಲ 36 ಮಿಲಿಮೀಟರ್, ಅದು ಕೂರುವ ಕೊಳವೆಯ ಉದ್ದ 70. ಫ್ರೆಂಚರದಾಗಿದ್ದರೆ 35 ಮತ್ತು 68, ಇಂಗ್ಲಿಷರದಾಗಿದ್ದರೆ 34.8 ಮತ್ತು 68. ಸೀಟಿನ ಕಂಬ 27.2 ಇತ್ತು. ಅದು ಇಳಿಯುವ ಕೊಳವೆಯ ಹೊರ ಅಳತೆ 28.6, ಅಂದರೆ ಉಕ್ಕಿನ ಗೋಡೆ ಮುಕ್ಕಾಲು ಮಿಲಿಮೀಟರೂ ಇಲ್ಲ! ಮುಂದಿನ ಫೋರ್ಕ್ ಬಿಚ್ಚಿ ಅದರ ಕೊಳವೆಯೊಳಗೆ ಮೊಬೈಲ್ ಬೆಳಕು ಬಿಟ್ಟರೆ, ತಳದಲ್ಲಿ ಸುರುಳಿಯಾಗಿ ಏರುವ ಉಬ್ಬುಗೆರೆಗಳು. ಮಿಲಾನಿನ ಕೊಲಂಬಸ್ ಕೊಳವೆಗಳ ಗುರುತು ಅದು. ಮಾಮನಿಗೆ ಕಾಣಲಿಲ್ಲ. ಬೆರಳು ಒಳಗೆ ಹಾಕಿ ಗೆರೆ ಎಣಿಸಿದ.

ಇಟಲಿದು ಅನ್ನುವುದಕ್ಕೆ ನನಗೆ ಇಷ್ಟು ಸಾಕಾಯಿತು. ಆದರೆ ಯಾರ ಕೈಯದು? ಹಸಿರು ಪೇಂಟಿನ ಕೆಳಗೆ ಕೆಂಪು ಸಿಕ್ಕಿತು. ಬಿಯಾಂಕಿಯವರ ತಿಳಿ ಆಕಾಶದಂಥ ಬಣ್ಣ ಸಿಕ್ಕಿದ್ದರೆ ಏನಾದರೂ ಹೇಳಬಹುದಿತ್ತು, ಕೆಂಪು ಎಲ್ಲರದೂ ಹೌದು. ಮಸ್ಕಿಯಲ್ಲೇ ಕೂತು ಇದನ್ನು ಹುಡುಕುತ್ತಿದ್ದೆವಲ್ಲ ಅಂತ ನಗು ಬಂತು. ದೇವಾನಾಂಪ್ರಿಯ ಅನ್ನುವ ಬಿರುದನ್ನು ಪಂಡಿತರು ಎಷ್ಟೋ ಬಂಡೆಗಳಲ್ಲಿ ಓದಿದ್ದರು. ಅದರ ಜೊತೆಗೆ ಅಶೋಕ ಎಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ಇದೇ ಊರಿನ ಗುಡ್ಡದಲ್ಲಿ, ಅದೂ ಬಂಗಾರದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ. ನಮ್ಮ ಸೈಕಲ್ಲಿಗೆ ಬಿರುದು ಸಿಕ್ಕಿತು, ಹೆಸರು ಸಿಗಲಿಲ್ಲ.

ಇನ್ನು ಓಡಿಸುವ ಮಾತು. ಗುಜರಿ ಅಂದಿದ್ದ ಮಗನೇ ಈಗ 'ನಾನು ಓಡಿಸ್ತೀನಿ' ಅಂತ ನಿಂತ. ಮೊದಲ ತೊಂದರೆ ಟೈರು. ಹಳೆಯವು ಟ್ಯೂಬನ್ನು ಒಳಗಿಟ್ಟು ಹೊಲಿದು ರಿಮ್ಮಿಗೆ ಅಂಟಿಸುವ ರೇಸಿನ ಟೈರು. ನಮ್ಮ ಎರಿ ಹೊಲದ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿದರೆ ಹೊಲಿಗೆ ಬಿಚ್ಚಿ, ಪಂಕ್ಚರ್ ಹಾಕಿ, ಮತ್ತೆ ಹೊಲಿಯಬೇಕು. ಅದು ಸಿಂಪಿಗನ ಕೆಲಸ. ಹೊಸ ರಿಮ್ಮು ಬೇಕೇಬೇಕು. ಸಿಂಧನೂರಿನ ಅಂಗಡಿಯಲ್ಲಿ '28 ಇಂಚಿಂದು ಅಲ್ಲೇನ್ರಿ' ಅಂತ ದೊಡ್ಡ ಸೈಕಲ್ಲಿನ ಟೈರು ಕೊಡಲು ಬಂದರು. ಅದು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್, ರೇಸಿನ 700 ಸಿ ಅನ್ನುವುದರದು 622. ಮಾತಿನಲ್ಲಿ ಅಣ್ಣತಮ್ಮ, ಚಕ್ರದಲ್ಲಿ ಸೇರುವುದಿಲ್ಲ. ಬೆಂಗಳೂರಿನಿಂದಲೇ ತರಿಸಿದೆ. 28 ಮಿಲಿಮೀಟರ್ ದಪ್ಪದ ಟೈರು ಬ್ರೇಕಿನ ಕೆಳಗೆ ಬೆರಳು ತೂರದಷ್ಟು ಜಾಗ ಬಿಟ್ಟು ಕೂತಿತು.

ಗೇರಿನದು ಎರಡನೇ ತಲೆನೋವು. ಮುಂದೆ 52 ಮತ್ತು 42 ಹಲ್ಲು, ಹಿಂದೆ ದೊಡ್ಡದೇ 21. ಇದು ಬಿಜಾಪುರದ ರೇಸುಗಾರರ ತೊಡೆಗೆ ಸರಿ. ಹಿಂದೆ 28 ಹಲ್ಲಿನವರೆಗಿನ ಆರು ಗೇರಿನ ಫ್ರೀವೀಲ್ ಹಾಕಿದೆವು. ಹಳೇ ಕಂಪನ್ಯೋಲೋ ಸುಮಾರು 26ರ ತನಕ ಮಾತ್ರ ಏರುತ್ತದೆ, ಅದಕ್ಕೆ ಅದನ್ನು ಬಿಚ್ಚಿ ಸಾದಾ ಶಿಮಾನೋ ಒಂದನ್ನು ಕೂರಿಸಿದೆವು. ಗೇರಿನ ಕಿವಿಗಳು ಇಳಿಕೊಳವೆ ಮೇಲೆ ಹಳೆಯವೇ ಇವೆ. ಅವಕ್ಕೆ ಕಟಕಟ ಅನ್ನುವ ಲೆಕ್ಕವಿಲ್ಲ, ಕೈಯ ಅಂದಾಜೇ ಲೆಕ್ಕ. ಹಾಗಾಗಿ ಯಾವ ಗೇರಿನ ಜೊತೆಗೂ ಹೊಂದುತ್ತವೆ.

ಹೊಸಕಾಲದ ಎಂಟು ಒಂಬತ್ತು ಗೇರಿನ ಚಕ್ರ ಹಾಕಬೇಕೆಂದರೆ ಹಿಂದಿನ 126 ಮಿಲಿಮೀಟರ್ ಸಂದನ್ನು 130ಕ್ಕೆ ಹಿಗ್ಗಿಸಬೇಕು. ಉಕ್ಕು ಬಗ್ಗುತ್ತದೆ, ತಿಳಿದವರು ಮಾಡುತ್ತಾರೆ. "ಜ್ಯಾಕ್ ಹಚ್ಚಿ ಅಗಲ ಮಾಡೋಣೇನ್ರಿ?" ಅಂತ ಮಿಸ್ತ್ರಿಗೂ ಉಮೇದು ಬಂದಿತ್ತು. ಬೇಡ ಅಂದೆ. ಕಡಿಯುವುದು, ಬೆಸುಗೆ, ಬಗ್ಗಿಸುವುದು ಯಾವುದೂ ಬೇಡ, ಬಿಚ್ಚಿ ಮತ್ತೆ ಹಾಕಲು ಬರುವಷ್ಟೇ ಬದಲಾವಣೆ ಸಾಕು ಅನ್ನುವುದು ನನ್ನ ಹಟ. ಹಳೆಯ ಗೇರು, ರಿಮ್ಮು ಎಲ್ಲ ಮಾಮನ ಟ್ರಂಕಿನಲ್ಲಿ ಹಳೇ ಧೋತರ ಸುತ್ತಿಕೊಂಡು ಮಲಗಿವೆ. ಹಸಿರು ಪೇಂಟೂ ಹಾಗೇ ಇದೆ, ಕೆರೆದ ಜಾಗವೊಂದು ಬಿಟ್ಟು.

"ಈಗ ಮಾರಿದ್ರ ಎಷ್ಟು ಬಂದೀತು?" ಅಂತ ಮಾಮ ಕೇಳಿದ. ಹೆಸರಿಲ್ಲದ ಫ್ರೇಮಿಗೆ ಬಿಯಾಂಕಿ, ಕೊಲ್ನಾಗೋಗಳ ಬೆಲೆ ಬರುವುದಿಲ್ಲ ಅಂತ ಹೇಳಿ ನನ್ನ ಅಂದಾಜು ಕೊಟ್ಟೆ. ಮಾಮ ಬೆರಳು ಮಡಚಿ ಈ ವರ್ಷದ ಹತ್ತಿ ರೇಟಿಗೆ ಹೊಂದಿಸಿದ. ಎಷ್ಟು ಕ್ವಿಂಟಲ್ ಅಂತ ಬಾಯಿ ಬಿಡಲಿಲ್ಲ.

"ನಿಮ್ಮ ತಾತ ಅಂದದ್ದು ಅರ್ಧ ಖರೇ ಐತಿ ಬಿಡು" ಅಂತ ನಕ್ಕ.

ಹ್ಯಾಂಡಲಿಗೆ ಟೇಪು ಸುತ್ತುವುದೊಂದು ಬಾಕಿ ಇದೆ. ಮಗನಿಗೆ ಕಪ್ಪು ಬೇಕಂತೆ, ಮಾಮನಿಗೆ ಬಿಳಿ. ಹೋದ ವಾರ ಫೋನ್ ಮಾಡಿದಾಗಲೂ ಜಗಳ ಮುಗಿದಿರಲಿಲ್ಲ.