ವೆಟ್‌ಸೂಟ್ ಶಾಖ ಕೊಡಲ್ಲ (ತಣ್ಣೀರ ಡೈರಿ, ಭಾಗ 4)

"ವೆಟ್‌ಸೂಟ್ ಹಾಕಿದ್ರೂ ಒದ್ದೆ ಆಗ್ತೀಯಲ್ಲ, ಮತ್ತೆ ಅದ್ಯಾಕೆ?" ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದು ಇದನ್ನೇ. ಒಳ್ಳೇ ಪ್ರಶ್ನೆ, ಇವತ್ತು ಅದೇ ಹೇಳ್ತೀನಿ.

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿದ್ದವರಿಗೆ ಗೊತ್ತು, ಅಲ್ಲಿ ನೀರು 28 ಡಿಗ್ರಿ ಆಸುಪಾಸು. ನಾನೀಗ ಇಳಿಯೋದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ. ಇಲ್ಲಿ 10ರಿಂದ 14. ಬೆಂಗಳೂರಿನ ಚಳಿಗಾಲದ ಬೆಳಗ್ಗೆ 14 ಡಿಗ್ರಿ ಇದ್ರೆ ಒಂದು ಸ್ವೆಟರ್ ಸಾಕು. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳ್ಕೊಳ್ಳುತ್ತೆ.

ಸೂಟ್ ಒಳಗೆ ಸೇರಿದ ನೀರೇ ನಮ್ಮನ್ನ ಬೆಚ್ಚಗಿಡುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ. ಕೆಲಸ ಮಾಡೋದು ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಹಿಡಿದ ಎಳೆ ಇದು: ಮೈ ಒದ್ದೆಯಾದ್ರೂ ಪರವಾಗಿಲ್ಲ, ಗುಳ್ಳೆಗಳ ಪದರ ಇದ್ರೆ ಆಯ್ತು. ಇಲ್ಲಿನ ಕಡಲ ನೀರುನಾಯಿ ಮಾಡೋದೂ ಇದನ್ನೇ. ಸೀಲ್‌ಗಿರೋ ಹಾಗೆ ಅದಕ್ಕೆ ದಪ್ಪ ಕೊಬ್ಬಿನ ಪದರ ಇಲ್ಲ; ದಟ್ಟ ತುಪ್ಪಳದಲ್ಲಿ ಗಾಳಿ ಹಿಡಿದಿಟ್ಕೊಂಡು ಬದುಕುತ್ತೆ.

ಅಂದ್ರೆ ಸೂಟ್ ನಿಮಗೆ ಶಾಖ ಕೊಡಲ್ಲ. ಇರೋದನ್ನ ಕಾಯುತ್ತೆ, ಅಷ್ಟೆ. ಅದಕ್ಕೇ ಇಷ್ಟು ನೆನಪಿಟ್ಕೊಳ್ಳಿ:

• 7 ಮಿ.ಮೀ. ಸೂಟ್ ಆದ್ರೂ ಸಡಿಲ ಇದ್ರೆ ದಂಡ. ಪ್ರತಿ ಸಲ ಕೈಕಾಲು ಆಡಿಸಿದಾಗ್ಲೂ ಹೊಸ ತಣ್ಣೀರು ಒಳಗೆ ನುಗ್ಗುತ್ತೆ.
• ತಲೆಗೆ ಹುಡ್, ಕೈಗೆ ಗ್ಲೌಸ್, ಕಾಲಿಗೆ ಬೂಟ್ಸ್ ಬೇಕೇ ಬೇಕು.
• 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಗುಳ್ಳೆಗಳು ಕುಗ್ಗಿ ಸೂಟ್ ತೆಳ್ಳಗಾಗುತ್ತೆ. ಆಳಕ್ಕೆ ಹೋದಷ್ಟೂ ಚಳಿ ಜಾಸ್ತಿ.
• ಎರಡು ಡೈವ್‌ಗಳ ಮಧ್ಯೆ ಒದ್ದೆ ಸೂಟಲ್ಲಿ ಗಾಳಿಗೆ ನಿಲ್ಲಬೇಡಿ. ಮೇಲೊಂದು ಜಾಕೆಟ್, ಒಣ ಟೋಪಿ, ಬಿಸಿ ಬಿಸಿ ಏನಾದ್ರೂ ಕುಡಿಯೋಕೆ.
• ಸೂಟೊಳಗೇ ಉಚ್ಚೆ ಹೊಯ್ದರೆ ಬೆಚ್ಚಗಾಗುತ್ತಾ? ಆಗುತ್ತೆ, ಸ್ವಲ್ಪ ಹೊತ್ತು. ಬಾಡಿಗೆ ಸೂಟ್ ಆದ್ರೆ ದಯವಿಟ್ಟು ಬೇಡ 🙏

ಇಷ್ಟೆಲ್ಲ ಮಾಡಿದ್ರೂ ಒಂದು ಹೊತ್ತಿಗೆ ಚಳಿ ಹತ್ತೇ ಹತ್ತುತ್ತೆ. ಮೊದಲು ಬೆರಳು ಮರಗಟ್ಟುತ್ತೆ, ಆಮೇಲೆ ನಡುಕ, ಆಮೇಲೆ ಯೋಚನೆಯೇ ನಿಧಾನ. ಬಕಲ್ ಬಿಚ್ಚೋಕೆ ಬೆರಳು ಬೇಕು, ಗೇಜ್ ನೋಡಿ ಅರ್ಥ ಮಾಡ್ಕೊಳ್ಳೋಕೆ ತಲೆ ಬೇಕು. ಆದರೆ ನಮ್ಮನ್ನ ಬೆಳೆಸಿರೋದೇ "ಸ್ವಲ್ಪ ತಡ್ಕೋ" ಅಂತ ಅಲ್ವಾ? ಮಳೇಲಿ ನೆನೆದು ಕ್ಲಾಸಲ್ಲಿ ಕೂತಾಗ್ಲೂ ತಡ್ಕೊಂಡ್ವಿ.

ಹೋದ ತಿಂಗಳು 22ನೇ ನಿಮಿಷಕ್ಕೆ ನನಗೆ ನಡುಕ ಶುರುವಾಯ್ತು. ಸಿಲಿಂಡರಲ್ಲಿ ಇನ್ನೂ ಅರ್ಧ ಗಾಳಿ ಇತ್ತು. ಹೆಬ್ಬೆರಳು ಮೇಲೆತ್ತಿ ತೋರಿಸ್ದೆ: ಮೇಲಕ್ಕೆ ಹೋಗೋಣ. ಜೊತೆಗಾರ ತಕ್ಷಣ ತಾನೂ ಹೆಬ್ಬೆರಳು ಎತ್ತಿದ. ಮೇಲೆ ಬಂದ್ಮೇಲೆ ಹೇಳಿದ: "ನನ್ನ ಬೆರಳು ಆಗ್ಲೇ ಮರಗಟ್ಟಿತ್ತು ಮಾರಾಯ. ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಡೈವಿಂಗ್‌ನಲ್ಲಿ ಒಂದು ಹಳೇ ನಿಯಮ ಇದೆ: ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ, ಯಾವ ಕಾರಣಕ್ಕಾದ್ರೂ ಡೈವ್ ನಿಲ್ಲಿಸಬಹುದು. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ನೀವು ತಣ್ಣೀರಿಗೆ ಇಳಿಯೋ ದಿನ, ಸೂಟ್ ಜೊತೆ ಇದನ್ನೂ ಹಾಕ್ಕೊಂಡು ಇಳೀರಿ.

ಮುಂದಿನ ಭಾಗ: ಕೆಲ್ಪ್ ಕಾಡಿನೊಳಗೆ 🌿

#ತಣ್ಣೀರಡೈರಿ #ಕನ್ನಡದಲ್ಲಿಕಡಲು