ನೀರಿಗಿಳಿಯಬೇಡ ಕಣೇ

ನಮ್ಮೂರು ಪಾಂಡವಪುರ. ತೊಣ್ಣೂರು ಕೆರೆಗೆ ಹೋದಾಗಲೆಲ್ಲ ನಾನು ಮಗಳ ಕೈ ಬಿಡುತ್ತಿರಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ದಂಡೆಯಲ್ಲಂತೂ ಜೀವ ಬಾಯಿಗೆ ಬರುತ್ತಿತ್ತು. "ನೀರಿಗಿಳಿಯಬೇಡ ಕಣೇ" ಎಂಬುದೇ ನಾನವಳಿಗೆ ಕಲಿಸಿದ ಮೊದಲ ಪಾಠ. ಈಗ ಸ್ಕಾಟ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವಳು ರಜೆ ಬಂದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕೊರೆಯುವ ಕಡಲಿಗೆ ಧುಮುಕುತ್ತಾಳೆ! ಪಾಠ ಎಷ್ಟು ತಲೆಗೆ ಹತ್ತಿತೋ ನೀವೇ ನೋಡಿ.

ಒಂದು ದಿನ ಮೊಬೈಲಿಗೆ ಫೋಟೋ ಕಳಿಸಿದಳು. ಕೆಲ್ಪ್ ಎಂಬ ಕಡಲಸಸ್ಯದ ಕಂದು ಎಲೆಯ ಮೇಲೆ ಬಿಳಿ ಎಳೆಗಳು. "ಅಮ್ಮಾ, ಇದ್ಯಾವ ಪಾಚಿ?"

"ಪಾಚಿಯಲ್ಲ ಪುಟ್ಟಿ, ಪ್ರಾಣಿ. ಒಬೇಲಿಯ ಇರಬೇಕು."

ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದನ್ನೇ ಪಾಚಿ ಎಂದು ಬರೆದು ಅಂಕ ಕಳೆದುಕೊಂಡವಳು ನಾನು. ಮರೆಯುವುದುಂಟೆ? ಎಂ.ಎಸ್ಸಿ. ಆಸೆಯೇನೋ ಮದುವೆಯ ಓಲಗದಲ್ಲಿ ಯಾರಿಗೂ ಕೇಳಿಸಲಿಲ್ಲ.

ಕೆರೆಯ ಜೊಂಡಿಗೆ ಅಂಟಿಕೊಂಡಿರುವ ಹೈಡ್ರಾದ ಕಡಲಿನ ನೆಂಟರೇ ಈ ಹೈಡ್ರಾಯ್ಡುಗಳು. ಹೈಡ್ರಾ ಒಂಟಿ, ಒಬೇಲಿಯದ್ದು ತುಂಬಿದ ಮನೆ. ಒಂದು ಬಾಯಿ ತಿಂದದ್ದು ಕಾಂಡದೊಳಗೆ ಹರಿದು ಎಲ್ಲರಿಗೂ ಸೇರುತ್ತದೆ. ಆದರೆ ಹೆರುವ ಕವಲಿಗೆ ಬಾಯಿಯೇ ಇಲ್ಲ. ಅದರಿಂದ ಮೊಳೆತ ಮರಿಗಳು ಪುಟ್ಟ ಛತ್ರಿಯಂಥ ಲೋಳೆಮೀನಾಗಿ ಈಜಿ ಹೊರಟುಹೋಗುತ್ತವೆ.

"ಬಾಯಿಗಳ ಸುತ್ತ ಬಟ್ಟಲಿದೆಯಾ ನೋಡು," ಎಂದೆ. "ಬಟ್ಟಲಿಲ್ಲದಿದ್ದರೆ ಟ್ಯುಬುಲೇರಿಯ. ತೊಟ್ಟಿಲ್ಲದ ಬಟ್ಟಲು ಎದುರುಬದುರು ಕೂತಿದ್ದರೆ ಡೈನಮೀನ. ಬಳೆ ತೊಡಿಸಿದಂಥ ಪುಟ್ಟ ತೊಟ್ಟಿನ ಮೇಲೆ ಅತ್ತೊಂದು ಇತ್ತೊಂದು ಇದ್ದರೆ, ಆಗ ಅಂಚು ನೋಡು. ಕ್ಲೈಟಿಯದ ಅಂಚು ಹಲ್ಲುಹಲ್ಲು."

ಮುಂದಿನ ಸಲ ಒಂದು ಚೂರು ತಂದು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟಳಂತೆ. "ಅಂಚು ನಯವಾಗಿದೆ ಅಮ್ಮಾ. ಕಾಂಡ ಗಂಟುಗಂಟಿಗೂ ಬಾಗಿದೆ."

"ಹಾಗಾದರೆ ಒಬೇಲಿಯ ಜೆನಿಕುಲೇಟ." 1758ರಲ್ಲಿ ಲಿನೇಯಸ್ ಇಟ್ಟ ಆ ಜೆನಿಕುಲೇಟ ಎಂಬ ಹೆಸರಿಗೆ ಮಂಡಿಯಂತೆ ಬಾಗಿದ್ದು ಎಂದರ್ಥ. ನನ್ನ ಮಂಡಿನೋವಿಗೂ ಒಬ್ಬ ನೆಂಟ ಸಿಕ್ಕಿದ!

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಷ್ಟೆಲ್ಲ ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ?"

"ನೀನು ಕೇಳಿರಲಿಲ್ಲವಲ್ಲ," ಎಂದೆ. ಗಂಟಲು ಕಟ್ಟಿತು.

ಈಗಲೂ ಅವಳು ಕಡಲಿಗಿಳಿಯುವ ದಿನ ನನಗೆ ಅನ್ನ ಸೇರುವುದಿಲ್ಲ. "ಮೇಲೆ ಬಂದೆ" ಎಂಬ ಸಂದೇಶ ಬಂದ ಮೇಲೆಯೇ ತಟ್ಟೆ ಹಾಕಿಕೊಳ್ಳುತ್ತೇನೆ. ಆದರೆ "ಇಳಿಯಬೇಡ ಕಣೇ" ಎನ್ನುವುದನ್ನು ಬಿಟ್ಟಿದ್ದೇನೆ. "ಜೊತೆಗಾರರನ್ನು ಬಿಟ್ಟು ಹೋಗಬೇಡ, ಬಟ್ಟಲು ನೋಡಿಕೊಂಡು ಬಾ," ಎನ್ನುತ್ತೇನೆ.